ಅಭಿಸರಣೆ: ಹಿಪ್ಪುನೇರಳೆಯಲ್ಲಿ, ರೇಷ್ಮೆಹುಳುವಿನಲ್ಲಿ

ಜೀವಕೋಶದ ಪೊರೆ ನೀರನ್ನು ಸಲೀಸಾಗಿ ದಾಟಗೊಡುತ್ತದೆ. ನೀರಿನಲ್ಲಿ ಕರಗಿರುವ ಸಕ್ಕರೆಯನ್ನೋ ಲವಣವನ್ನೋ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಪೊರೆಯ ಒಂದು ಬದಿಯ ದ್ರಾವಣ ತೆಳುವಾಗಿದ್ದು ಇನ್ನೊಂದು ಬದಿಯದು ಗಾಢವಾಗಿದ್ದರೆ, ತೆಳುವಾದ ಕಡೆಯಿಂದ ಗಾಢವಾದ ಕಡೆಗೆ ನೀರು ಹರಿಯುತ್ತದೆ. ಇದೇ ಅಭಿಸರಣೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಕೃಷಿ ಈ ಕ್ರಿಯೆಯನ್ನು ನಂಬಿಕೊಂಡಿದೆ. ರೇಷ್ಮೆಹುಳು ನೀರು ಕುಡಿಯುವುದಿಲ್ಲ. ಅದಕ್ಕೆ ಬೇಕಾದ ನೀರು ಬಹುಮಟ್ಟಿಗೆ ಹಿಪ್ಪುನೇರಳೆ ಸೊಪ್ಪಿನಿಂದಲೇ ಸಿಗಬೇಕು.

ಅಭಿಸರಣೆಯನ್ನು ಪ್ರಯೋಗದಲ್ಲಿ ಮೊದಲು ಕಂಡವನು ಫ್ರಾನ್ಸಿನ ಪಾದ್ರಿ ಜಾನ್ ಆಂತ್ವಾನ್ ನೊಲೆ. 1748ರಲ್ಲಿ ಈತ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆಗಳಲ್ಲಿ ಪೊರೆ ಉಬ್ಬಿಕೊಂಡಿತು. ಸೂಜಿ ಚುಚ್ಚಿದಾಗ ಒಳಗಿನ ದ್ರವ ಚಿಮ್ಮಿತು. ನೀರು ಒಳಹೊಕ್ಕಿತ್ತು, ಮದ್ಯಸಾರ ಅಷ್ಟಾಗಿ ಹೊರಬಂದಿರಲಿಲ್ಲ. ಇದಕ್ಕೂ ಜೀವಿಗಳಿಗೂ ಇರುವ ನಂಟನ್ನು ಹಿಡಿದವನು ಹೆನ್ರಿ ದ್ಯುತ್ರೋಶೆ. 1826ರಿಂದ ಮುಂದೆ ಈತ ನೀರು ಒಳಬರುವುದಕ್ಕೂ ಹೊರಹೋಗುವುದಕ್ಕೂ ಬೇರೆ ಬೇರೆ ಹೆಸರಿಟ್ಟು, ಒತ್ತಡವನ್ನು ಅಳೆಯುವ ಉಪಕರಣವನ್ನೂ ಮಾಡಿದ. ಗಿಡದಲ್ಲಿ ರಸ ಮೇಲೇರುವುದಕ್ಕೂ ಇದೇ ಕಾರಣವೆಂದು ನಂಬಿದ್ದ. ಆ ಮಾತು ಪೂರ್ತಿ ನಿಲ್ಲಲಿಲ್ಲ: ಬೇರಿನ ಕೋಶಗಳಿಗೆ ನೀರು ಸೇರುವುದು ಅಭಿಸರಣೆಯಿಂದ, ಕಾಂಡದುದ್ದಕ್ಕೂ ಅದು ಏರುವುದು ಮುಖ್ಯವಾಗಿ ಎಲೆಯಿಂದ ನೀರು ಆವಿಯಾಗುವಾಗಿನ ಸೆಳೆತದಿಂದ. 1854ರಲ್ಲಿ ಥಾಮಸ್ ಗ್ರಹಾಂ ಎರಡು ಹೆಸರುಗಳನ್ನೂ ಕೂಡಿಸಿ ಆಸ್ಮೋಸ್ ಎಂಬ ಒಂದೇ ಹೆಸರನ್ನು ಬಳಕೆಗೆ ತಂದ; ಮುಂದೆ ಅದೇ ಆಸ್ಮೋಸಿಸ್ ಆಯಿತು.

ಪ್ರಾಣಿಯ ಪೊರೆಗಳು ಸೋರುತ್ತಿದ್ದುದರಿಂದ ನಿಖರವಾದ ಅಳತೆ ಸಾಧ್ಯವಿರಲಿಲ್ಲ. ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಸಣ್ಣ ರಂಧ್ರಗಳುಳ್ಳ ಮಣ್ಣಿನ ಕುಡಿಕೆಯ ಗೋಡೆಯೊಳಗೇ ತಾಮ್ರದ ಫೆರೊಸಯನೈಡ್ ಪದರವನ್ನು ಕೂರಿಸಿ ಗಟ್ಟಿಯಾದ ಕೃತಕ ಪೊರೆಯನ್ನು ಪಡೆದ. ಶೇಕಡಾ 1ರ ಸಕ್ಕರೆ ದ್ರಾವಣ 535 ಮಿ.ಮೀ. ಪಾದರಸದಷ್ಟು ಒತ್ತಡ ತೋರಿತು. ಶೇಕಡಾ 2ಕ್ಕೆ ಏರಿಸಿದರೆ 1016 ಮಿ.ಮೀ. ತೆಳುವಾದ ಸಕ್ಕರೆ ನೀರು ವಾಯುಮಂಡಲದ ಒತ್ತಡವನ್ನೂ ಮೀರುವುದು ಆಗಿನವರಿಗೆ ಬೆರಗು ತಂದಿರಬೇಕು. 1877ರಲ್ಲಿ ಪ್ರಕಟವಾದ ಈ ಅಂಕಿಗಳನ್ನು ಹ್ಯೂಗೊ ಡಿ ಫ್ರೀಸ್ ತನ್ನ ಸಹೋದ್ಯೋಗಿ ವ್ಯಾಂಟ್ ಹಾಫ್‌ನ ಗಮನಕ್ಕೆ ತಂದ; ಅವನ್ನು ಆಧರಿಸಿ ಅಭಿಸರಣ ಒತ್ತಡದ ನಿಯಮವನ್ನು ರೂಪಿಸಿದ ವ್ಯಾಂಟ್ ಹಾಫ್‌ಗೆ 1901ರಲ್ಲಿ ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ದೊರೆಯಿತು. ಡಿ ಫ್ರೀಸ್ ಸ್ವತಃ 1884ರಲ್ಲಿ ಸಸ್ಯಕೋಶಗಳನ್ನು ಗಾಢ ದ್ರಾವಣದಲ್ಲಿಟ್ಟು, ಒಳಗಿನ ಜೀವದ್ರವ್ಯ ಕುಗ್ಗಿ ಕೋಶಭಿತ್ತಿಯಿಂದ ಬಿಟ್ಟುಕೊಳ್ಳುವುದನ್ನೇ ಅಳತೆಗೋಲು ಮಾಡಿಕೊಂಡಿದ್ದ.

ಹಿಪ್ಪುನೇರಳೆ ತೋಟದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಬೆಳಗಿನ ಹೊತ್ತು ಎಲೆಯ ಕೋಶಗಳು ನೀರು ತುಂಬಿಕೊಂಡು ಭಿತ್ತಿಯನ್ನು ಒತ್ತುತ್ತಿರುತ್ತವೆ, ಸೊಪ್ಪು ಸೆಟೆದು ನಿಂತಿರುತ್ತದೆ. ಕಡ್ಡಿಯಿಂದ ಕಿತ್ತ ಮೇಲೆ ನೀರಿನ ಪೂರೈಕೆ ನಿಂತರೂ ಆವಿಯಾಗುವುದು ನಿಲ್ಲದು. ಕೋಶಗಳ ಬಿಗಿ ಇಳಿದು ಸೊಪ್ಪು ಬಾಡುತ್ತದೆ. ತಂಪು ಹೊತ್ತಿನಲ್ಲಿ ಸೊಪ್ಪು ಕುಯ್ದು ಒದ್ದೆ ಗೋಣಿಚೀಲ ಹೊದಿಸಿಡುವುದು ಇದೇ ಕಾರಣಕ್ಕೆ. ಚಾಕಿ ಹುಳುಗಳಿಗೆ, ಎಂದರೆ ಎಳೆಯ ಹುಳುಗಳಿಗೆ, ನೀರಿನಂಶ ಹೆಚ್ಚಿರುವ ಎಳೆಯ ಸೊಪ್ಪೇ ಆಗಬೇಕು. ಬಾಡಿದ ಸೊಪ್ಪನ್ನು ಅವು ಸರಿಯಾಗಿ ತಿನ್ನವು. ನಾಲ್ಕನೇ ಜ್ವರ (ಮೈಚರ್ಮ ಕಳಚುವ ಹಂತ) ಎದ್ದ ಹುಳುವಾದರೋ ತನ್ನ ಆಯುಷ್ಯದ ಸೊಪ್ಪಿನಲ್ಲಿ ಶೇಕಡಾ 80ಕ್ಕೂ ಹೆಚ್ಚನ್ನು ಆ ಒಂದು ಹಂತದಲ್ಲೇ ತಿನ್ನುತ್ತದೆ, ಅಷ್ಟರ ನೀರನ್ನೂ ನಿಭಾಯಿಸಬೇಕಾಗುತ್ತದೆ. ತಳಿಯ ಆಯ್ಕೆಯಲ್ಲೂ ಎಲೆಯ ನೀರಿನಂಶ ಒಂದು ಮುಖ್ಯ ಗುಣ. ನೀರಾವರಿ ತೋಟಗಳಲ್ಲಿ ಬಹುಕಾಲ ಮೆರೆದ ಎಂ-5 ತಳಿ ಚನ್ನಪಟ್ಟಣದ ಕಣ್ವದ ಸರ್ಕಾರಿ ಕ್ಷೇತ್ರದಲ್ಲಿ ಆಯ್ಕೆಯಾದದ್ದು; ಕಣ್ವ-2 ಎಂಬ ಹೆಸರು ಬಂದದ್ದು ಹಾಗೆ. ಅನಂತರ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯ ವಿ-1 ತಳಿ ಹಬ್ಬಿತು.

ಹುಳುವಿನ ಒಳಗಿನ ಕಥೆ ಇನ್ನೂ ಹಳೆಯದು. ಅಭಿಸರಣೆಯ ಕಲ್ಪನೆಯೇ ಇಲ್ಲದ 1669ರಲ್ಲಿ ಇಟಲಿಯ ಮಾರ್ಚೆಲೊ ಮಾಲ್ಪಿಘಿ ರೇಷ್ಮೆಹುಳುವನ್ನು ಕೊಯ್ದು ನೋಡಿ, ಕರುಳಿಗೆ ಅಂಟಿಕೊಂಡ ಸಣ್ಣ ನಾಳಗಳನ್ನು ವರ್ಣಿಸಿದ್ದ. ಮುಂದೆ ಅವನ ಹೆಸರನ್ನೇ ಪಡೆದ ಈ ಮಾಲ್ಪಿಘಿ ನಾಳಗಳು ಎಷ್ಟೋ ಕೀಟಗಳಲ್ಲಿ ಮೂತ್ರಪಿಂಡದ ಕೆಲಸ ಮಾಡುತ್ತವೆ. ಅವು ಕೆಲಸ ಮಾಡುವ ಬಗೆ ತಿಳಿಯಾದದ್ದು 1950ರ ದಶಕದಲ್ಲಿ, ಕೇಂಬ್ರಿಜ್‌ನ ಜೆ. ಎ. ರಾಮ್ಸೆಯ ಪ್ರಯೋಗಗಳಿಂದ. ನಾಳದ ಕೋಶಗಳು ಶಕ್ತಿ ವ್ಯಯಿಸಿ ಪೊಟ್ಯಾಸಿಯಂ ಅಯಾನುಗಳನ್ನು ರಕ್ತದಿಂದ ನಾಳದೊಳಕ್ಕೆ ಸಾಗಿಸುತ್ತವೆ. ನೀರು ಅಭಿಸರಣೆಯಿಂದ ಅವನ್ನು ಹಿಂಬಾಲಿಸುತ್ತದೆ. ನೀರನ್ನೇ ನೇರವಾಗಿ ತಳ್ಳುವ ಯಂತ್ರ ಕೋಶದಲ್ಲಿಲ್ಲ. ಲವಣವನ್ನು ಸರಿಸಿದರೆ ನೀರು ತಾನಾಗಿ ಬರುತ್ತದೆ. ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ತಿಳಿವಳಿಕೆ ಇದೇ ಎನ್ನಬೇಕು. ಬೇಡದ ಕಶ್ಮಲ ಗುದನಾಳ ಸೇರಿ, ಅಲ್ಲಿ ಬೇಕಾದಷ್ಟು ನೀರು ಮತ್ತೆ ಮೈಗೆ ಮರಳುತ್ತದೆ. ಹಣ್ಣಾದ, ಎಂದರೆ ಗೂಡು ಕಟ್ಟಲು ಸಿದ್ಧವಾದ, ಹುಳು ಚಂದ್ರಿಕೆ ಎಂಬ ತಟ್ಟೆಗೆ ಏರಿ ಗೂಡು ಕಟ್ಟುವ ಮುನ್ನ ತೆಳು ಹಿಕ್ಕೆ, ಮೂತ್ರಗಳನ್ನು ಹೊರಹಾಕುತ್ತದೆ. ಆಗ ಹುಳುಮನೆಯಲ್ಲಿ ಗಾಳಿಯಾಡದಿದ್ದರೆ ಗೂಡಿನ ಗುಣಮಟ್ಟ ಕೆಡುತ್ತದೆ.

ಪೊರೆಯನ್ನು ನೀರು ಅಷ್ಟು ಬೇಗ ದಾಟುವುದು ಹೇಗೆಂಬ ಪ್ರಶ್ನೆಗೆ ಉತ್ತರ ಸಿಕ್ಕದ್ದು 1992ರಲ್ಲಿ. ಅಮೆರಿಕದ ಪೀಟರ್ ಆಗ್ರೆ ಮತ್ತು ಸಂಗಡಿಗರು, ಮನುಷ್ಯನ ಕೆಂಪು ರಕ್ತಕಣದಲ್ಲಿ ಕಂಡಿದ್ದ ಒಂದು ಪ್ರೋಟೀನನ್ನು ಕಪ್ಪೆಯ ಅಂಡಕೋಶದಲ್ಲಿ ತಯಾರಾಗುವಂತೆ ಮಾಡಿ ಆ ಅಂಡವನ್ನು ತೆಳು ದ್ರಾವಣಕ್ಕೆ ಹಾಕಿದರು. ಮಾಮೂಲಿ ಅಂಡ ಹಾಗೇ ಉಳಿಯಿತು. ಪ್ರೋಟೀನಿದ್ದ ಅಂಡ ಉಬ್ಬಿ ಒಡೆಯಿತು. ಅಕ್ವಾಪೊರಿನ್ ಎಂದು ಕರೆಯಲಾದ ಈ ನೀರಿನ ಕಿಂಡಿಗಾಗಿ ಆಗ್ರೆಗೆ 2003ರ ನೊಬೆಲ್ ಬಂತು. ಗಿಡಗಳ ಕೋಶಗಳಲ್ಲೂ ಕೀಟಗಳ ಕೋಶಗಳಲ್ಲೂ ಇದೇ ಕುಲದ ಪ್ರೋಟೀನುಗಳಿವೆ.

ಕಿಂಡಿ ದಾರಿಯನ್ನಷ್ಟೇ ಕೊಡುತ್ತದೆ. ನೀರು ಯಾವ ಕಡೆಗೆ ಹರಿಯಬೇಕೆಂಬುದನ್ನು ಎರಡೂ ಬದಿಯ ಸಾಂದ್ರತೆ, ಒತ್ತಡಗಳೇ ನಿರ್ಧರಿಸುತ್ತವೆ. ಒಣ ನೆಲದಲ್ಲಿ ಬುಡಕ್ಕೆ ಯೂರಿಯಾ ಸುರಿದರೆ ಬೇರಿನಿಂದಲೇ ನೀರು ಹೊರಬರುತ್ತದೆ. ಗೊಬ್ಬರ ಗಿಡವನ್ನು ಸುಟ್ಟಿತು ಎನ್ನುವುದು ಇದಕ್ಕೇ. ಕೊಳವೆಬಾವಿಯ ನೀರಿನಲ್ಲಿ ಲವಣ ಹೆಚ್ಚಿದ್ದರೆ ಮಣ್ಣು ಒದ್ದೆಯಾಗಿದ್ದರೂ ಬೇರಿಗೆ ನೀರು ದಕ್ಕುವುದು ಕಷ್ಟ, ಸೊಪ್ಪಿನ ಇಳುವರಿ ಇಳಿಯುತ್ತದೆ.