ಭಾರತದಲ್ಲಿ ಫಿಸಿಯೋಥೆರಪಿ ವೃತ್ತಿಯ ಕಾನೂನು

ಭಾರತದಲ್ಲಿ ಫಿಸಿಯೋಥೆರಪಿ (ಭೌತಚಿಕಿತ್ಸೆ) ವೃತ್ತಿಯ ಶಿಕ್ಷಣ, ನೋಂದಣಿ ಮತ್ತು ವೃತ್ತಿಧರ್ಮವನ್ನು ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಆಯೋಗ ಕಾಯ್ದೆ, 2021ರ ವ್ಯಾಪ್ತಿಗೆ ತರಲಾಗಿದೆ. ಅದಕ್ಕೆ ಮೊದಲು ಈ ವೃತ್ತಿಗೆ ದೇಶವ್ಯಾಪಿಯಾದ ಕಾನೂನು ಇರಲಿಲ್ಲ.

ಹಿನ್ನೆಲೆ

ದಾದಿಯರು, ದಂತವೈದ್ಯರು ಮತ್ತು ಔಷಧಿಕಾರರಿಗೆ ಸಂಬಂಧಿಸಿದ ಕೇಂದ್ರ ಕಾಯ್ದೆಗಳು 1947–48ರಲ್ಲಿಯೇ ಜಾರಿಗೆ ಬಂದವು. ಫಿಸಿಯೋಥೆರಪಿಸ್ಟರಿಗೆ ಅಂತಹ ವ್ಯವಸ್ಥೆ ದೊರೆಯಲಿಲ್ಲ. ದೆಹಲಿ (1997), ಮಹಾರಾಷ್ಟ್ರ (2002) ಮೊದಲಾದ ಕೆಲವು ರಾಜ್ಯಗಳು ತಮ್ಮದೇ ಕಾಯ್ದೆಗಳನ್ನು ರೂಪಿಸಿಕೊಂಡವು. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007 ಫಿಸಿಯೋಥೆರಪಿ ಕೇಂದ್ರಗಳಿಗೂ ಅನ್ವಯಿಸುತ್ತದೆ. ಆದರೆ ಅದು ನೋಂದಾಯಿಸುವುದು ಸಂಸ್ಥೆಯನ್ನೇ ಹೊರತು ಚಿಕಿತ್ಸಕನನ್ನಲ್ಲ. ಹೀಗಾಗಿ ಪದವೀಧರ ಚಿಕಿತ್ಸಕರನ್ನೂ ಅಲ್ಪಾವಧಿ ತರಬೇತಿ ಪಡೆದವರನ್ನೂ ಬೇರ್ಪಡಿಸಿ ಗುರುತಿಸಲು ರೋಗಿಗಳಿಗೆ ಅಧಿಕೃತವಾದ ರಾಷ್ಟ್ರೀಯ ಪಟ್ಟಿ ಇರಲಿಲ್ಲ.

ಕಾಯ್ದೆಯ ರಚನೆ

2018ರಲ್ಲಿ ಮಂಡಿಸಿದ್ದ ಮಸೂದೆಗೆ ಬದಲಾಗಿ 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಹೊಸ ಮಸೂದೆ ಮಂಡನೆಯಾಯಿತು. 2021ರ ಮಾರ್ಚ್‌ನಲ್ಲಿ ಉಭಯ ಸದನಗಳು ಅದನ್ನು ಅಂಗೀಕರಿಸಿದವು. ಮಾರ್ಚ್ 28ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು.

ಮುಖ್ಯಾಂಶಗಳು

* ಅನುಸೂಚಿಯ 10 ವೃತ್ತಿವರ್ಗಗಳಲ್ಲಿ ಫಿಸಿಯೋಥೆರಪಿಯೂ ಒಂದು.
* ಆರೋಗ್ಯಸೇವಾ ವೃತ್ತಿಪರರೆನಿಸಲು ಕನಿಷ್ಠ 3,600 ಗಂಟೆಗಳ ಅವಧಿಯ ಪದವಿ ಶಿಕ್ಷಣ ಅಗತ್ಯ. ಇದು 3ರಿಂದ 6 ವರ್ಷಗಳಲ್ಲಿ ಹಂಚಿಕೆಯಾಗಿರಬೇಕು.
* ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು ಹಾಗೂ ಎರಡೂ ಹಂತಗಳಲ್ಲಿ ನೋಂದಣಿ ಪುಸ್ತಕ ಇರಬೇಕು.
* ನೋಂದಾಯಿತರಲ್ಲದವರು ನೋಂದಾಯಿತರೆಂದು ಸುಳ್ಳಾಗಿ ಹೇಳಿಕೊಳ್ಳುವುದು ಶಿಕ್ಷಾರ್ಹ.

ಸ್ವತಂತ್ರ ವೃತ್ತಿ

ಅನುಸೂಚಿಯ ವ್ಯಾಖ್ಯೆಯು ಈ ಕಾಯ್ದೆಯ ಮಹತ್ವದ ಭಾಗವಾಗಿದೆ. ಅದರ ಪ್ರಕಾರ ಫಿಸಿಯೋಥೆರಪಿಸ್ಟರು ರೋಗಿಯನ್ನು ಪರೀಕ್ಷಿಸಿ, ವ್ಯಾಯಾಮ, ಕೀಲುಗಳ ಚಲನೆ, ವಿದ್ಯುತ್ ಮತ್ತು ಶಾಖದ ಸಾಧನಗಳ ಮೂಲಕ ಚಿಕಿತ್ಸೆ ನೀಡಬಹುದು. ಅವರು ಸ್ವತಂತ್ರವಾಗಿ ಅಥವಾ ಬಹುಶಾಸ್ತ್ರೀಯ ತಂಡದ ಭಾಗವಾಗಿ ವೃತ್ತಿ ನಡೆಸಬಹುದು. ಇದರಿಂದ ಫಿಸಿಯೋಥೆರಪಿಸ್ಟರು ವೈದ್ಯರ ಸೂಚನೆಯನ್ನು ಪಾಲಿಸುವ ಸಹಾಯಕರು ಮಾತ್ರ ಎಂಬ ಹಳೆಯ ಕಲ್ಪನೆಗೆ ಕಾನೂನಿನ ಆಧಾರ ಉಳಿಯಲಿಲ್ಲ. ಆದರೂ ಔಷಧಗಳನ್ನು ಬರೆದುಕೊಡುವ ಅಧಿಕಾರ ಈ ವ್ಯಾಖ್ಯೆಯಲ್ಲಿ ಸೇರಿಲ್ಲ.

ಅನುಷ್ಠಾನ ಮತ್ತು ವಿವಾದ

ರಾಜ್ಯ ಪರಿಷತ್ತುಗಳನ್ನು ಆರು ತಿಂಗಳೊಳಗೆ ರಚಿಸಬೇಕೆಂದು ಕಾಯ್ದೆ ಹೇಳಿದ್ದರೂ ಅನುಷ್ಠಾನ ನಿಧಾನವಾಯಿತು. 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆಯನ್ನು ಜಾರಿಗೊಳಿಸುವಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ನಿರ್ದೇಶನ ನೀಡಿತು.

ಹೆಸರಿನ ಹಿಂದೆ 'ಡಾ.' ಎಂದು ಬಳಸುವ ಪ್ರಶ್ನೆಯೂ ವಿವಾದಕ್ಕೆ ಗುರಿಯಾಯಿತು. ಅದನ್ನು ಬಳಸಬಾರದೆಂದು ಆರೋಗ್ಯಸೇವೆಗಳ ಮಹಾನಿರ್ದೇಶನಾಲಯ 2025ರ ಸೆಪ್ಟೆಂಬರ್‌ನಲ್ಲಿ ಪತ್ರ ಹೊರಡಿಸಿ, ಅನಂತರ ಹಿಂಪಡೆಯಿತು.