ವಿದೇಶಿ ನೆರವು ಮತ್ತು ಖಾಸಗಿ ಸಲಹೆಗಾರರು: ಚಿಕ್ಕೋಡಿ ಸೀಮೆಯ ಕುಡಿಯುವ ನೀರಿನ ಹಿನ್ನೆಲೆಯಲ್ಲಿ

ವಿದೇಶಿ ನೆರವಿನ ಚರಿತ್ರೆಯಲ್ಲಿ ಹಣ ನೀಡಿದವರ ಮತ್ತು ಪಡೆದ ಸರ್ಕಾರದ ಉಲ್ಲೇಖ ಧಾರಾಳವಾಗಿ ದೊರೆಯುತ್ತದೆ. ಇವರಿಬ್ಬರ ನಡುವೆ ನಿಂತು ಸಮೀಕ್ಷೆ ನಡೆಸಿ, ನಕ್ಷೆ ರಚಿಸಿ, ಕಾಮಗಾರಿಯನ್ನು ಪರಿಶೀಲಿಸುವ ಖಾಸಗಿ ಸಲಹೆಗಾರರು ಮಾತ್ರ ವಿರಳವಾಗಿ ಕಾಣಿಸಿಕೊಳ್ಳುತ್ತಾರೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡಗಳನ್ನೊಳಗೊಂಡ ಗಡಿಸೀಮೆಯ ಹಿನ್ನೆಲೆಯಲ್ಲಿ ಅವರ ಪಾತ್ರವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

2001ರ ಡಿಸೆಂಬರ್‌ನಲ್ಲಿ ವಿಶ್ವಬ್ಯಾಂಕ್ ಎರಡನೆಯ ಕರ್ನಾಟಕ ಗ್ರಾಮೀಣ ನೀರು ಸರಬರಾಜು ಮತ್ತು ನೈರ್ಮಲ್ಯ ಯೋಜನೆಗೆ ಮಂಜೂರಾತಿ ನೀಡಿತು. 'ಜಲ ನಿರ್ಮಲ' ಎಂದು ಹೆಸರಾದ ಈ ಯೋಜನೆಯು ಅಂದಿನ ಬೆಳಗಾವಿಯೂ ಸೇರಿದಂತೆ ಉತ್ತರ ಕರ್ನಾಟಕದ 11 ಜಿಲ್ಲೆಗಳ ಆಯ್ದ ಗ್ರಾಮಗಳನ್ನು ಒಳಗೊಂಡಿತ್ತು. ನಿಪ್ಪಾಣಿಯು ಆಗ ಚಿಕ್ಕೋಡಿ ತಾಲ್ಲೂಕಿಗೂ ಕಾಗವಾಡವು ಅಥಣಿ ತಾಲ್ಲೂಕಿಗೂ ಸೇರಿದ್ದವು. ನೆರವಿನ ಮೊತ್ತ 15.16 ಕೋಟಿ ಅಮೆರಿಕನ್ ಡಾಲರ್. ಶ್ರೀಮಂತ ರಾಷ್ಟ್ರಗಳ ವಂತಿಗೆಯಿಂದ ನಡೆಯುವ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘದ ಈ ಹಣವು ದಾನವಲ್ಲ, ದೀರ್ಘಾವಧಿಯ ಸಾಲ. ಆದ್ದರಿಂದ ಇಂತಹ ಸಾಲದಿಂದ ಸಲಹೆಗಾರರಿಗೆ ಸಂದಾಯವಾಗುವ ಶುಲ್ಕವೂ ಮರುಪಾವತಿಯ ಬಾಧ್ಯತೆಗೆ ಒಳಪಡುತ್ತದೆ ಎಂಬುದನ್ನು ಗಮನಿಸಬೇಕು.

ಯೋಜನೆಯ ತತ್ತ್ವದಂತೆ ಗ್ರಾಮಸ್ಥರು ಬಂಡವಾಳದ ಒಂದು ಪಾಲನ್ನು ಭರಿಸಬೇಕಿತ್ತು. ನಿರ್ವಹಣೆಯ ಹೊಣೆ ಗ್ರಾಮ ಪಂಚಾಯಿತಿ ಹಾಗೂ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯದಾಗಿತ್ತು. ಜನರನ್ನು ಸಂಘಟಿಸುವ ಸಂಸ್ಥೆಗಳೂ ತಾಂತ್ರಿಕ ಸಲಹೆಗಾರರೂ ಗುತ್ತಿಗೆಯ ಮೇರೆಗೆ ಬಂದವರು. ಸಲಹಾ ಒಪ್ಪಂದಗಳಲ್ಲಿ ಶುಲ್ಕವು ಸಾಮಾನ್ಯವಾಗಿ ವರದಿ ಸಲ್ಲಿಕೆಯ ಹಂತಗಳಿಗೆ ಅನುಗುಣವಾಗಿ ಸಂದಾಯವಾಗುತ್ತದೆ. ಹತ್ತು ವರ್ಷಗಳ ತರುವಾಯ ನಲ್ಲಿಯಲ್ಲಿ ನೀರು ಬರುವುದೇ ಎಂಬುದು ಆ ಹಂತಗಳಲ್ಲಿ ಒಂದಲ್ಲ.

ಈ ಸೀಮೆಯಲ್ಲಿ ಆ ಪ್ರಶ್ನೆಯೇ ಮುಖ್ಯವಾದುದು. ಇಲ್ಲಿನ ಕಪ್ಪು ಬಸಾಲ್ಟ್ ಶಿಲೆಯಲ್ಲಿ ಅಂತರ್ಜಲವು ಶಿಥಿಲ ಪದರಗಳಲ್ಲಿಯೂ ಬಿರುಕುಗಳಲ್ಲಿಯೂ ಮಾತ್ರ ನಿಲ್ಲುತ್ತದೆ. ಒಂದು ಋತುವಿನ ಪರೀಕ್ಷೆ ಕೊಳವೆಬಾವಿಯ ಆಯುಷ್ಯವನ್ನು ಹೇಳಲಾರದು. ಕೃಷ್ಣೆಯನ್ನು ಅವಲಂಬಿಸಿದ ಗ್ರಾಮಗಳ ಸ್ಥಿತಿ ಬೇರೆ. ಬೇಸಿಗೆಯಲ್ಲಿ ನದಿ ಬತ್ತಿದಾಗ ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ಮಹಾರಾಷ್ಟ್ರವನ್ನು ಹಲವು ಬಾರಿ ಕೋರಿದೆ. 2005 ಮತ್ತು 2019ರಲ್ಲಿ ಅದೇ ನದಿ ದಡದ ಊರುಗಳನ್ನು ಮುಳುಗಿಸಿತು. ಎರಡು ರಾಜ್ಯಗಳ ನಡುವಣ ಇಂತಹ ಸಂಗತಿಗಳನ್ನು ಒಂದು ಗ್ರಾಮದ ವಿನ್ಯಾಸಕ್ಕೆ ಸೀಮಿತವಾದ ಒಪ್ಪಂದ ಪರಿಹರಿಸಲಾರದು.

ಜಿಲ್ಲಾ ಕೇಂದ್ರದ ನಿದರ್ಶನ ಭಿನ್ನವಾದುದು. 2004ರಲ್ಲಿ ವಿಶ್ವಬ್ಯಾಂಕ್ ಮಂಜೂರು ಮಾಡಿದ ನಗರ ನೀರು ಯೋಜನೆಯಡಿ ಬೆಳಗಾವಿ, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಯ ಪ್ರಾತ್ಯಕ್ಷಿಕೆ ವಲಯಗಳಲ್ಲಿ ನಿರಂತರ ನೀರು ಪೂರೈಕೆಯನ್ನು ಫ್ರಾನ್ಸಿನ ವಿಯೋಲಿಯಾ ಸಮೂಹಕ್ಕೆ ವಹಿಸಲಾಯಿತು. ಶುಲ್ಕದ ಒಂದು ಭಾಗವನ್ನು ಫಲಿತಾಂಶಕ್ಕೆ ಜೋಡಿಸಲಾಗಿತ್ತು. ಖಾಸಗೀಕರಣದ ಬಗೆಗಿನ ವಾದವಿವಾದಗಳೇನೇ ಇರಲಿ, ಹೊಣೆಯನ್ನು ಒಪ್ಪಂದದಲ್ಲಿ ಬರೆಯಲು ಸಾಧ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಲಹೆಗಾರರ ಪರಿಣತಿಯನ್ನು ಅಲ್ಲಗಳೆಯುವುದು ಇಲ್ಲಿನ ಆಶಯವಲ್ಲ. ಹಣ ಕೊಡುವವರಿಗೆ ಉತ್ತರದಾಯಿಯಾದ ಪರಿಣತನು ಗ್ರಾಮಸಭೆಗೂ ಉತ್ತರದಾಯಿಯಾಗಬೇಕಾದರೆ, ಅವನ ವರದಿ ಮೊದಲು ಆ ಸಭೆಗೆ ಓದಲು ಬರಬೇಕು. ಕನ್ನಡ ಮತ್ತು ಮರಾಠಿಯಲ್ಲಿ ವ್ಯವಹರಿಸುವ ಸೀಮೆಗೆ ಇಂಗ್ಲಿಷ್ ವರದಿಯೊಂದೇ ಸಾಲದು. ಕೊಳವೆಬಾವಿಗಳ ಇಳುವರಿ, ಕೊಳವೆಮಾರ್ಗದ ನಕ್ಷೆ, ಪರಿಶೀಲನಾ ಟಿಪ್ಪಣಿಗಳು ಸಾರ್ವಜನಿಕ ಸಾಲದಿಂದ ನಿರ್ಮಾಣಗೊಂಡ ಜ್ಞಾನ. ಪಂಚಾಯಿತಿಯ ನಡವಳಿ ಪುಸ್ತಕಗಳೊಂದಿಗೆ ಇವುಗಳನ್ನೂ ಜಿಲ್ಲೆಯ ಗ್ರಂಥಾಲಯಗಳು ಸಂಗ್ರಹಿಸಿದಲ್ಲಿ ಮಾತ್ರ ಈ ಸೀಮೆಯ ನೀರಿನ ಚರಿತ್ರೆ ಪೂರ್ಣಗೊಂಡೀತು.