ಬಾಯಿ ತೆರೆದವರ ಮಾತು

ಹಲ್ಲಿನ ಅಚ್ಚು ತೆಗೆಯುವ ವಿದ್ಯೆಯ ಚರಿತ್ರೆಯಲ್ಲಿ ವೈದ್ಯರ ಹೆಸರುಗಳಿವೆ, ಸಾಮಗ್ರಿಗಳ ಹೆಸರುಗಳಿವೆ. ನಾನು ಹುಡುಕುವುದು ಬಾಯಿ ತೆರೆದು ಕುಳಿತವರ ಮಾತನ್ನು. ಅದು ಅಪರೂಪ. ಬಾಯಿ ತುಂಬ ಮೇಣವಿದ್ದವರು ಮಾತಾಡುವುದಾದರೂ ಹೇಗೆ?

ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕನ ದಂತವೈದ್ಯ ಫಿಲಿಪ್ ಫಾಫ್ 1756ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೇಣದಲ್ಲಿ ಅಚ್ಚು ತೆಗೆದು ಅದಕ್ಕೆ ಪ್ಲಾಸ್ಟರ್ ಎರೆಯುವ ಕ್ರಮವನ್ನು ವಿವರಿಸಿದ. 19ನೆಯ ಶತಮಾನದ ನಡುವಿನ ಹೊತ್ತಿಗೆ ಪ್ಲಾಸ್ಟರ್ ನೇರವಾಗಿ ಬಾಯಿಗೇ ಬಂತು. ಗಟ್ಟಿಯಾದ ಮೇಲೆ ಅದು ಬಾಗದು. ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ಬಾಯೊಳಗೇ ಮುರಿದು, ಚೂರುಗಳನ್ನು ಹೊರತೆಗೆದು ಜೋಡಿಸಬೇಕಿತ್ತು. ಅಚ್ಚು ನಿಖರವಾಗಿರುತ್ತಿತ್ತು ಎಂದು ಚರಿತ್ರೆ ಹೊಗಳುತ್ತದೆ. ಕುರ್ಚಿಯಲ್ಲಿದ್ದವರಿಗೆ ಏನಾಯಿತೆಂದು ಹೇಳುವುದಿಲ್ಲ.

ರೋಗಿಯ ದೂರು ಉಳಿದುಬಂದಿರುವ ಒಂದು ಪ್ರಸಂಗ ಜಾರ್ಜ್ ವಾಷಿಂಗ್ಟನ್ನನದು. ಕಟ್ಟಿಸಿದ ಹಲ್ಲು ತುಟಿಯನ್ನು ಮುಂದಕ್ಕೆ ನೂಕುತ್ತದೆಂದು ಆತ 1798ರಲ್ಲಿ ತನ್ನ ದಂತವೈದ್ಯ ಜಾನ್ ಗ್ರೀನ್‌ವುಡ್‌ಗೆ ಬರೆದ. ಅಮೆರಿಕದ ಮೊದಲ ಅಧ್ಯಕ್ಷನ ಕಾಗದವಾದ್ದರಿಂದ ಜೋಪಾನವಾಯಿತು. ಸಾಮಾನ್ಯರ ಕಾಗದಗಳನ್ನು ಯಾರು ಕಾಪಿಡುತ್ತಾರೆ?

ಎರಡನೆಯ ಮಹಾಯುದ್ಧದಲ್ಲಿ ಜಪಾನಿನಿಂದ ಬರುತ್ತಿದ್ದ ಅಗರ್ ನಿಂತಾಗ, ಕಂದು ಕಡಲಪಾಚಿಯಿಂದ ತೆಗೆದ ಆಲ್ಜಿನೇಟ್ ಬಳಕೆಗೆ ಬಂತು. ಅದು ಬಾಗುತ್ತದೆ, ಮುರಿಯಬೇಕಿಲ್ಲ. ಆದರೂ ತಟ್ಟೆ ಅಂಗುಳಕ್ಕೆ ಒತ್ತಿ, ಹಿಟ್ಟು ಗಂಟಲ ಕಡೆ ಜಾರಿದಾಗ ಬರುವ ಓಕರಿಕೆ ತಪ್ಪಲಿಲ್ಲ.

ಫ್ರಾನ್ಸಿನ ಫ್ರಾಂಸ್ವಾ ದ್ಯುರೆ 1973ರಲ್ಲಿ ಬೆಳಕಿನಿಂದ ಅಚ್ಚು ತೆಗೆಯುವ ಕಲ್ಪನೆಯನ್ನು ತಮ್ಮ ಪ್ರಬಂಧದಲ್ಲಿ ಮಂಡಿಸಿದರು. 1985ರಲ್ಲಿ ಜ್ಯೂರಿಕ್ ವಿಶ್ವವಿದ್ಯಾಲಯದಲ್ಲಿ ವರ್ನರ್ ಮೋರ್ಮನ್, ಎಂಜಿನಿಯರ್ ಮಾರ್ಕೊ ಬ್ರಾಂಡೆಸ್ಟೀನಿ ಜೊತೆ ರೂಪಿಸಿದ ಯಂತ್ರವನ್ನು ಮೊದಲ ಬಾರಿ ರೋಗಿಗೆ ಬಳಸಿದರು. ಆಗ ಹಲ್ಲಿಗೆ ಬಿಳಿ ಪುಡಿ ಹಚ್ಚಿ ಚಿತ್ರ ತೆಗೆಯಬೇಕಿತ್ತು. ಇಂದಿನ ಎಷ್ಟೋ ಸ್ಕ್ಯಾನರುಗಳಿಗೆ ಅದೂ ಬೇಡ.

ಈಚಿನ ಅಧ್ಯಯನಗಳಲ್ಲಿ ಒಬ್ಬರಿಗೇ ಎರಡೂ ಬಗೆಯ ಅಚ್ಚು ತೆಗೆದು, ರುಚಿ, ಉಸಿರಾಟ, ಓಕರಿಕೆ, ನೋವಿನ ಬಗ್ಗೆ ಕೇಳುತ್ತಾರೆ. ಹೆಚ್ಚಿನವರು ಸ್ಕ್ಯಾನರನ್ನೇ ಆರಿಸುತ್ತಾರೆ. ಅದಕ್ಕೂ ಮಿತಿಗಳಿವೆ: ಜೊಲ್ಲು, ರಕ್ತ ಅಡ್ಡ ಬಂದರೆ ಒಸಡಿನ ಕೆಳಗಿನ ಅಂಚು ಕ್ಯಾಮೆರಾಗೆ ಕಾಣದು, ಅದರ ತುದಿ ಕೆಲವರ ಬಾಯಿಗೆ ದೊಡ್ಡದು.

ನನಗೆ ಮುಖ್ಯವಾಗಿ ಕಾಣುವ ವ್ಯತ್ಯಾಸ ಬೇರೆ. ಹಿಟ್ಟು ಗಟ್ಟಿಯಾಗುವ ಮುನ್ನ ತಟ್ಟೆ ತೆಗೆದರೆ ಅಚ್ಚು ಕೆಟ್ಟಿತು. ರೋಗಿ ಕೈ ಎತ್ತಿದರೂ ವೈದ್ಯರು ‘ಇನ್ನೊಂದು ನಿಮಿಷ’ ಎನ್ನಲೇಬೇಕು. ಸ್ಕ್ಯಾನರನ್ನು ನಡುವೆ ನಿಲ್ಲಿಸಬಹುದು. ಉಗುಳು ನುಂಗಿ, ಉಸಿರೆಳೆದುಕೊಂಡು, ಬಿಟ್ಟಲ್ಲಿಂದ ಮುಂದುವರಿಯಬಹುದು.